ಮನೆಗೆ ಕಾಕ್‌ಟೇಲ್ ಮೆಷಿನ್ ಬೇಕಾ? 350 ಡಾಲರ್ ಕೊಡುವ ಮೊದಲು

ಪ್ರಶ್ನೆ: ನಾವು ನ್ಯೂ ಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ತಿಂಗಳಿಗೆ ಒಂದೆರಡು ಸಲ ಎಂಟು ಹತ್ತು ಜನ ಗೆಳೆಯರು ಮನೆಗೆ ಊಟಕ್ಕೆ ಬರುತ್ತಾರೆ. ನನಗೆ ವಿಸ್ಕಿಯ ಓಲ್ಡ್ ಫ್ಯಾಷನ್ಡ್ ಇಷ್ಟ, ನನ್ನ ಹೆಂಡತಿಗೆ ಟಕೀಲಾ, ನಿಂಬೆಯ ಮಾರ್ಗರಿಟಾ. ಬಂದವರಲ್ಲಿ ಅರ್ಧ ಜನ ಕುಡಿಯುವುದಿಲ್ಲ. ಕ್ಯಾಪ್ಸೂಲ್ ಹಾಕಿದರೆ ಕಾಕ್‌ಟೇಲ್ ಮಾಡಿಕೊಡುವ ಬಾರ್ಟೀಸಿಯನ್ ಮೆಷಿನ್ ಸುಮಾರು 350 ಡಾಲರ್‌ಗೆ ಸಿಗುತ್ತಿದೆ. ಎರಡು ಮೂರು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ ಇದೆ, ಆಗ ಜೊತೆಗೇ ತೆಗೆದುಕೊಂಡು ಹೋಗಬಹುದು ಅಂದುಕೊಂಡಿದ್ದೇನೆ. ಕೊಳ್ಳಬಹುದಾ?

ಉತ್ತರ: ಬೇಡ. ನಿಮ್ಮ ಮನೆಗೆ, ನೀವು ಬರೆದಿರುವಂಥ ಕೂಟಗಳಿಗೆ ಇದು ಬೇಡ. ಮೆಷಿನ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಕಾಕ್‌ಟೇಲ್ ಮಾಡುವುದರಲ್ಲಿ ಯಾವುದು ಸುಲಭವೋ ಅದನ್ನು ಈ ಮೆಷಿನ್ ಮಾಡುತ್ತದೆ, ಯಾವುದು ಕಷ್ಟವೋ ಅದನ್ನು ನಿಮಗೇ ಬಿಡುತ್ತದೆ. ವರ್ಷಗಟ್ಟಲೆ ಬಾರ್ ಕೌಂಟರ್ ಹಿಂದೆ ನಿಂತು ಕೆಲಸ ಮಾಡಿದ ಮೇಲೆ, ಈಗ ಹೊಸಬರಿಗೆ ಈ ಕೆಲಸ ಕಲಿಸುವಾಗಲೂ, ನನಗೆ ಖಚಿತವಾಗಿ ಗೊತ್ತಿರುವುದು ಇದೊಂದೇ: ಒಳ್ಳೆಯ ಕಾಕ್‌ಟೇಲ್‌ಗೆ ಬೇಕಾದದ್ದು ತಂಪು, ಸರಿಯಾದಷ್ಟು ನೀರು, ತಾಜಾ ಹುಳಿ. ಅಳತೆ ಆಮೇಲೆ.

ಮೊದಲು ಮೆಷಿನ್ ಒಳಗೆ ಏನು ನಡೆಯುತ್ತದೆ ನೋಡೋಣ. ಬಾರ್ಟೀಸಿಯನ್‌ಗೆ ಮದ್ಯ ನೀವೇ ತುಂಬಬೇಕು. ಅದಕ್ಕೆ ಗಾಜಿನ ಬಾಟಲಿಗಳಿವೆ: ವಿಸ್ಕಿ, ವೋಡ್ಕಾ, ಟಕೀಲಾ, ಜೊತೆಗೆ ಜಿನ್ ಅಥವಾ ರಮ್. ನೀರಿಗೆ ಒಂದು ಟ್ಯಾಂಕ್. ಕ್ಯಾಪ್ಸೂಲ್‌ನಲ್ಲಿ ಮದ್ಯ ಇರುವುದಿಲ್ಲ. ಹಣ್ಣಿನ ರಸದ ಕಾನ್ಸಂಟ್ರೇಟ್, ಸಕ್ಕರೆ, ಬಿಟರ್ಸ್ (ಹನಿ ಲೆಕ್ಕದಲ್ಲಿ ಹಾಕುವ ಕಹಿ ಮಸಾಲೆಯ ಸಾರ), ಫ್ಲೇವರ್ ಇಂಥವು ಇರುತ್ತವೆ. ಕ್ಯಾಪ್ಸೂಲ್ ಮೇಲಿನ ಬಾರ್‌ಕೋಡ್ ಓದಿಕೊಂಡು ಯಾವ ಬಾಟಲಿಯಿಂದ ಎಷ್ಟು, ನೀರು ಎಷ್ಟು ಅಂತ ಮೆಷಿನ್ ತಾನೇ ತೆಗೆದುಕೊಂಡು ಗ್ಲಾಸಿಗೆ ಸುರಿಯುತ್ತದೆ. ಅರ್ಧ ನಿಮಿಷದ ಕೆಲಸ. ನೋಡಲು ಚೆನ್ನಾಗಿದೆ, ಕೊಳೆಯಾಗುವುದು ಕಡಿಮೆ, ಮಾಡಿದಷ್ಟೂ ಸಲ ರುಚಿ ಒಂದೇ ಥರ. ಇದು ಸಣ್ಣ ಗುಣವಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿ ನಡೆದದ್ದೆಲ್ಲ ಅಳತೆ ಮಾತ್ರ, ಅಲ್ವಾ? ಅಳೆಯಲು ನಾವು ಬಳಸುವುದು ಪೆಗ್ ಮೆಷರ್. ಒಂದು ಕಡೆ 30 ಮಿಲಿ, ಇನ್ನೊಂದು ಕಡೆ 60. ಸ್ಮಾಲ್, ಲಾರ್ಜ್. ಕೆಲವೇ ಡಾಲರ್‌ಗೆ ಸಿಗುತ್ತದೆ, ಜೀವಮಾನವಿಡೀ ಬಾಳಿಕೆ ಬರುತ್ತದೆ.

ಈಗ ತಂಪಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮೆಷಿನ್ ಕೊಳ್ಳುವ ಹೆಚ್ಚಿನವರಿಗೆ ಇದು ಆಮೇಲೆ ಗೊತ್ತಾಗುತ್ತದೆ. ಬಾರ್ಟೀಸಿಯನ್ ತಣ್ಣಗೆ ಮಾಡುವುದಿಲ್ಲ. ಐಸ್ ಕೂಡ ಅದರಲ್ಲಿಲ್ಲ. ಕೋಣೆಯ ಬಿಸಿಯಲ್ಲಿರುವ ಮದ್ಯ, ಅದೇ ಬಿಸಿಯಲ್ಲಿರುವ ಕ್ಯಾಪ್ಸೂಲ್ ರಸ, ಟ್ಯಾಂಕಿನ ನೀರು ಎಲ್ಲ ಸೇರಿ ನೇರ ನಿಮ್ಮ ಗ್ಲಾಸಿನ ಐಸ್ ಮೇಲೆ ಬೀಳುತ್ತದೆ. ಬಿದ್ದ ಕೂಡಲೇ ಐಸ್ ಕರಗಲು ಶುರು. ಮೆಷಿನ್ ಲೆಕ್ಕ ಹಾಕಿ ನೀರು ಸೇರಿಸಿದ ಮೇಲೂ ಹೀಗೆ ಮತ್ತಷ್ಟು ನೀರು ಸೇರುತ್ತದೆ. ಹತ್ತು ನಿಮಿಷ ಮಾತಾಡುತ್ತಾ ಕೂತರೆ ಗ್ಲಾಸಿನಲ್ಲಿ ಉಳಿಯುವುದು ಸಪ್ಪೆ ನೀರು.

ಶೇಕರ್‌ನಲ್ಲಿ, ಅಂದರೆ ಮುಚ್ಚಿ ಕುಲುಕುವ ಪಾತ್ರೆಯಲ್ಲಿ, ಆಗುವುದು ಬೇರೆ. ಐಸ್ ಜೊತೆ ಹತ್ತು ಹನ್ನೆರಡು ಸೆಕೆಂಡ್ ಜೋರಾಗಿ ಕುಲುಕಿದರೆ ಪಾನೀಯ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಮದ್ಯ ಇರುವುದರಿಂದ ಅದು ಗಟ್ಟಿಯಾಗುವುದಿಲ್ಲ. ಅದೇ ಹೊತ್ತಿಗೆ ಐಸ್ ಕರಗಿ, ಮೊದಲಿದ್ದ ಅಳತೆಯ ಅರ್ಧದವರೆಗೂ ನೀರು ಸೇರಿಕೊಳ್ಳುತ್ತದೆ. ಚಮಚದಲ್ಲಿ ನಿಧಾನವಾಗಿ ತಿರುಗಿಸುವ ಓಲ್ಡ್ ಫ್ಯಾಷನ್ಡ್, ಮ್ಯಾನ್‌ಹ್ಯಾಟನ್ ಥರದವಕ್ಕೆ ಅದಕ್ಕಿಂತ ಕಡಿಮೆ, ಕಾಲು ಭಾಗದಿಂದ ಮೂರನೇ ಒಂದು ಭಾಗ. ಆ ನೀರು ಕಲಬೆರಕೆ ಅಲ್ಲ, ಅದೂ ಒಂದು ಸಾಮಗ್ರಿ. ಅದಿಲ್ಲದೆ ವಿಸ್ಕಿ ಗಂಟಲು ಸುಡುತ್ತದೆ, ನಿಂಬೆ ಹಲ್ಲು ಜುಮ್ಮೆನ್ನಿಸುತ್ತದೆ. ಜೊತೆಗೆ ಕುಲುಕುವಾಗ ಗಾಳಿ ಸೇರಿ ಮೇಲೆ ತೆಳ್ಳನೆ ನೊರೆ ಬರುತ್ತದಲ್ಲ, ಬಾಯಿಗೆ ಅದೇ ಮೃದುವಾಗಿ ಸಿಗುವುದು. ಸುರಿಯುವ ಮೆಷಿನ್‌ನಿಂದ ಆ ನೊರೆ ಬರುವುದಿಲ್ಲ. ಮೆಷಿನ್‌ನಿಂದ ಹಿಡಿದದ್ದನ್ನು ಆಮೇಲೆ ಶೇಕರ್‌ಗೆ ಹಾಕಿ ಕುಲುಕುವವರೂ ಇದ್ದಾರೆ, ಹಾಗೆ ಮಾಡಿದರೆ ರುಚಿ ನಿಜವಾಗಿ ಸುಧಾರಿಸುತ್ತದೆ, ಆದರೆ ಶೇಕರ್ ತೊಳೆಯುವ ಕೆಲಸ ಹೇಗೂ ಬಂತು ಅಂದಮೇಲೆ ಮೆಷಿನ್ ಯಾಕೆ ಬೇಕಿತ್ತು?

ನಿಂಬೆಯ ವಿಷಯಕ್ಕೆ ಬರೋಣ, ನಿಮ್ಮ ಮನೆಯವರ ಮಾರ್ಗರಿಟಾ ನಿಂತಿರುವುದೇ ಅದರ ಮೇಲೆ. ಹಿಂಡಿದ ನಿಂಬೆರಸದ ಪರಿಮಳ ಕೆಲವೇ ಗಂಟೆ ಇರುತ್ತದೆ. ಬೆಳಿಗ್ಗೆ ಹಿಂಡಿಟ್ಟ ರಸ ರಾತ್ರಿಗೆ ಹುಳಿ ಇರುತ್ತದೆ, ಘಮ ಹೋಗಿರುತ್ತದೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ಕೊನೆಗೆ ನಿಂಬೆ ಹಿಂಡುವುದು ಯಾಕೆ ಅಂತ ನಿಮಗೆ ಗೊತ್ತೇ ಇದೆ. ಕ್ಯಾಪ್ಸೂಲ್ ಒಳಗಿನ ರಸ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೆಡದೆ ಇರಬೇಕು, ಹಾಗಾಗಿ ಅದು ತಾಜಾ ರಸ ಆಗಲು ಸಾಧ್ಯವೇ ಇಲ್ಲ. ಮಾರ್ಗರಿಟಾ, ಡೈಕಿರಿ, ವಿಸ್ಕಿ ಸವರ್ ಥರದ ಹುಳಿ ಪಾನೀಯಗಳಲ್ಲಿ ಈ ಕೊರತೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಓಲ್ಡ್ ಫ್ಯಾಷನ್ಡ್‌ನಲ್ಲಿ ಹುಳಿ ಇಲ್ಲ, ಸಕ್ಕರೆ ಮತ್ತು ಬಿಟರ್ಸ್ ಅಷ್ಟೇ, ಅದು ಮೆಷಿನ್‌ನಲ್ಲಿ ಪರವಾಗಿಲ್ಲ ಅನ್ನುವಂತೆ ಬರುತ್ತದೆ. ಆದರೆ ಓಲ್ಡ್ ಫ್ಯಾಷನ್ಡ್ ಅನ್ನುವುದು ಕಾಕ್‌ಟೇಲ್‌ಗಳಲ್ಲೆಲ್ಲ ಸುಲಭದ್ದು. ಅದಕ್ಕೆ ಮೆಷಿನ್ ಬೇಕೇ ಆಗಿಲ್ಲ.

ಇನ್ನೊಂದು ಮಾತು, ಮೆಷಿನ್‌ನಲ್ಲಿ ಎಷ್ಟು ಸ್ಟ್ರಾಂಗ್ ಬೇಕು ಅಂತ ಆರಿಸುವ ಸೌಲಭ್ಯ ಇದೆ. ಲೈಟ್, ಸಾಧಾರಣ, ಸ್ಟ್ರಾಂಗ್, ಮದ್ಯವೇ ಇಲ್ಲದ ಮಾಕ್‌ಟೇಲ್. ಕೇಳಲು ಚೆನ್ನಾಗಿದೆ. ಆದರೆ ಕ್ಯಾಪ್ಸೂಲ್ ಒಂದೇ, ಅದರಲ್ಲಿರುವ ಸಿಹಿ ಹುಳಿ ಬದಲಾಗುವುದಿಲ್ಲ. ಮದ್ಯ ಜಾಸ್ತಿ ಮಾಡಿದರೆ ಸಿಹಿ ಹುಳಿ ಸಾಲದೆ ಖಾರವಾಗುತ್ತದೆ, ಕಡಿಮೆ ಮಾಡಿದರೆ ಶರಬತ್ತಿನ ಸಿಹಿ ಮುಂದೆ ಬರುತ್ತದೆ. ನಿಮಗೆ ಸಿಹಿ ಮಾತ್ರ ಸ್ವಲ್ಪ ಕಡಿಮೆ ಬೇಕು ಅಂದರೆ ಅದಕ್ಕೆ ಬಟನ್ ಇಲ್ಲ. ಅಮೆರಿಕದ ಮಾರುಕಟ್ಟೆಗೆ ಅಂತ ಮಾಡಿದ ಮಿಶ್ರಣಗಳಲ್ಲಿ ಸಿಹಿ ಜಾಸ್ತಿಯೇ ಇರುತ್ತದೆ ಅನ್ನುವುದು ನನ್ನ ಅನಿಸಿಕೆ. ಕೈಯಲ್ಲಿ ಮಾಡುವಾಗ ಒಬ್ಬರಿಗೆ 20 ಮಿಲಿ ಸಿರಪ್, ಇನ್ನೊಬ್ಬರಿಗೆ 10 ಹಾಕಬಹುದು. ಮುಗಿಯಿತು.

ಖರ್ಚು ಲೆಕ್ಕ ಹಾಕೋಣ. ಕ್ಯಾಪ್ಸೂಲ್ ಒಂದಕ್ಕೆ ಸುಮಾರು ಎರಡೂವರೆ ಡಾಲರ್ ಬೀಳುತ್ತದೆ. ಅದರ ಮೇಲೆ ಮದ್ಯ ನಿಮ್ಮದೇ. 30 ಡಾಲರ್‌ನ 750 ಮಿಲಿ ಬಾಟಲಿಯಲ್ಲಿ 60 ಮಿಲಿಯ ಹನ್ನೆರಡು ಲಾರ್ಜ್ ಬರುತ್ತದೆ, ಒಂದಕ್ಕೆ ಎರಡೂವರೆ ಡಾಲರ್ ಹತ್ತಿರ. ಒಟ್ಟು ಒಂದು ಗ್ಲಾಸಿಗೆ ಐದು ಡಾಲರ್. ನೀವೇ ಮಾಡಿದರೆ ಒಂದು ನಿಂಬೆ, ಒಂದಿಷ್ಟು ಸಕ್ಕರೆ, ಎಲ್ಲ ಸೇರಿ ಮೂರು ಡಾಲರ್ ಒಳಗೆ ಆಗುತ್ತದೆ. ನಿಮ್ಮ ಮನೆಗೆ ಬರುವವರಲ್ಲಿ ಕುಡಿಯುವವರು ನಾಲ್ಕೈದು ಜನ, ತಲಾ ಎರಡು, ತಿಂಗಳಿಗೆ ಒಂದೆರಡು ಸಲ, ಮಧ್ಯೆ ಮಧ್ಯೆ ನೀವಿಬ್ಬರು. ತಿಂಗಳಿಗೆ 20 ಕ್ಯಾಪ್ಸೂಲ್ ಅಂತ ಇಟ್ಟುಕೊಳ್ಳಿ. ಕ್ಯಾಪ್ಸೂಲ್‌ಗೇ ತಿಂಗಳಿಗೆ 50 ಡಾಲರ್, ವರ್ಷಕ್ಕೆ 600. ಮೆಷಿನ್ ಬೆಲೆ ಒಂದು ಸಲದ್ದು, ಇದು ಪ್ರತಿ ವರ್ಷದ್ದು. ಕೊಳ್ಳುವಾಗ 350 ಅಂತ ನೋಡುತ್ತೀರಿ, ಮೊದಲ ವರ್ಷ ಮುಗಿಯುವಾಗ ಮದ್ಯ ಬಿಟ್ಟು 950 ಹೋಗಿರುತ್ತದೆ.

ಕ್ಯಾಪ್ಸೂಲ್ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹತ್ತು ಬಗೆಯ ಕಾಕ್‌ಟೇಲ್ ಮನೆಯಲ್ಲಿ ಮಾಡಬೇಕು ಅಂದರೆ ವಿಸ್ಕಿ ಜಿನ್ ಸಾಲದು. ಕಿತ್ತಳೆಯ ಲಿಕ್ಯೂರ್ (ಸಿಹಿ ಸೇರಿಸಿದ ಮದ್ಯ), ವರ್ಮೂತ್, ಕಾಫಿ ಲಿಕ್ಯೂರ್, ಎರಡು ಮೂರು ಥರ ಬಿಟರ್ಸ್, ಹೀಗೆ ಕಪಾಟು ತುಂಬುತ್ತದೆ. ಕಿತ್ತಳೆ ಲಿಕ್ಯೂರ್ ಆದ ಕ್ವಾಂತ್ರೋ ಬಾಟಲಿ ಒಂದಕ್ಕೇ 40 ಡಾಲರ್ ಆಸುಪಾಸು. ವರ್ಮೂತ್ ಅಂದರೆ ವೈನ್, ತೆರೆದ ಮೇಲೆ ಫ್ರಿಜ್‌ನಲ್ಲೇ ಇಡಬೇಕು, ಇಟ್ಟರೂ ಒಂದೆರಡು ತಿಂಗಳಲ್ಲಿ ಮಂಕಾಗುತ್ತದೆ. ವಾರಕ್ಕೆ ಒಂದೋ ಎರಡೋ ಗ್ಲಾಸ್, ಪ್ರತಿ ಸಲ ಬೇರೆ ಬೇರೆ ಬೇಕು, ಬಾಟಲಿ ಕೊಳ್ಳುವುದು ಬೇಡ ಅನ್ನುವವರಿಗೆ ಕ್ಯಾಪ್ಸೂಲ್ ಸರಿಹೋಗುತ್ತದೆ. ಅವರು ಮೆಷಿನ್ ಬೆಲೆಯನ್ನು ಮೂರು ವರ್ಷಕ್ಕೆ ಹಂಚಿಕೊಂಡರೆ ಗ್ಲಾಸಿಗೆ ಆರೇಳು ಡಾಲರ್ ಬೀಳುತ್ತದೆ, ನ್ಯೂಯಾರ್ಕ್ ಕಡೆಯ ಬಾರ್‌ನಲ್ಲಿ ಕೂತು ಟಿಪ್ ಸೇರಿಸಿ ಕೊಡುವುದಕ್ಕೆ ಹೋಲಿಸಿದರೆ ಕಡಿಮೆಯೇ. ಆದರೆ ನಿಮಗೆ ಬೇಕಿರುವುದು ಎರಡೇ ಪಾನೀಯ. ಓಲ್ಡ್ ಫ್ಯಾಷನ್ಡ್‌ಗೆ ಲಿಕ್ಯೂರ್ ಬೇಡ. ಮಾರ್ಗರಿಟಾಗೂ ಬೇಕೇ ಬೇಕು ಅಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಟಾಮೀಸ್ ಅನ್ನುವ ಮೆಕ್ಸಿಕನ್ ರೆಸ್ಟೋರೆಂಟ್‌ನಲ್ಲಿ ಹೂಲಿಯೋ ಬೆರ್ಮೆಹೋ ಅನ್ನುವವರು ಲಿಕ್ಯೂರ್ ಕೈಬಿಟ್ಟು ಟಕೀಲಾ, ನಿಂಬೆರಸ, ಅಗಾವೆ (ಟಕೀಲಾ ಮಾಡುವ ಕತ್ತಾಳೆ ಜಾತಿಯ ಗಿಡ) ಸಿರಪ್ ಇಷ್ಟರಲ್ಲೇ ಮಾರ್ಗರಿಟಾ ಮಾಡಿದರು, ಅದು ಟಾಮೀಸ್ ಮಾರ್ಗರಿಟಾ ಅಂತಲೇ ಜಗತ್ತಿನ ಬಾರ್‌ಗಳಲ್ಲಿ ನಿಂತುಬಿಟ್ಟಿತು. 60 ಮಿಲಿ ಟಕೀಲಾ, 30 ಮಿಲಿ ನಿಂಬೆರಸ, 15 ಮಿಲಿ ಅಗಾವೆ. ಶೇಕರ್‌ಗೆ ಹಾಕಿ, ಐಸ್ ತುಂಬಿ, ಹನ್ನೆರಡು ಸೆಕೆಂಡ್ ಕುಲುಕಿ ಸೋಸಿ. ನೂರು ಶೇಕಡಾ ಅಗಾವೆ ಅಂತ ಬರೆದಿರುವ ಟಕೀಲಾನೇ ತನ್ನಿ, ಇದರಲ್ಲಿ ಟಕೀಲಾದ ಕೊರತೆಯನ್ನು ಮುಚ್ಚಲು ಬೇರೇನೂ ಇಲ್ಲ.

ಇನ್ನು ನನಗೆ ನಿಜವಾಗಿ ಚಿಂತೆ ಆಗುವ ಸಂಗತಿ. ಕ್ಯಾಪ್ಸೂಲ್ ಮೆಷಿನ್ ಕೊಂಡರೆ ನೀವು ಕಂಪನಿಯ ಆಯಸ್ಸಿಗೆ ಕಟ್ಟುಬಿದ್ದ ಹಾಗೆ. ಡ್ರಿಂಕ್‌ವರ್ಕ್ಸ್ ಕಥೆ ನೋಡಿ. ಕಾಫಿ ಮೆಷಿನ್‌ಗೆ ಹೆಸರಾದ ಕ್ಯೂರಿಗ್ ಮತ್ತು ಬಡ್‌ವೈಸರ್ ಮಾಡುವ ಆನ್‌ಹೈಸರ್ ಬುಷ್ ಇನ್‌ಬೆವ್, ಈ ಎರಡು ದೊಡ್ಡ ಕಂಪನಿಗಳು ಸೇರಿ 2018ರಲ್ಲಿ ಹೊರತಂದ ಮೆಷಿನ್ ಅದು. ಅದರ ಪಾಡ್‌ನಲ್ಲಿ, ಅಂದರೆ ಕ್ಯಾಪ್ಸೂಲ್‌ನಲ್ಲಿ, ಮದ್ಯವೂ ಸೇರಿಯೇ ಇರುತ್ತಿತ್ತು, ಮೆಷಿನ್ ತಂಪು ಮಾಡುತ್ತಿತ್ತು, ಗ್ಯಾಸ್ ಕೂಡ ಸೇರಿಸುತ್ತಿತ್ತು. ಬಾರ್ಟೀಸಿಯನ್ ಮಾಡದ ಕೆಲಸವನ್ನೂ ಮಾಡುತ್ತಿತ್ತು ಅನ್ನಬೇಕು. ದುಡ್ಡಿಗೂ ಜಾಹೀರಾತಿಗೂ ಕೊರತೆ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಮುಚ್ಚುತ್ತೇವೆ ಅಂತ ಪ್ರಕಟಿಸಿಬಿಟ್ಟರು. ಪಾಡ್ ನಿಂತಮೇಲೆ ಜನರ ಅಡುಗೆಮನೆಯಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಮೆಷಿನ್‌ಗಳಿಗೂ ಕೆಲಸ ಇಲ್ಲದಾಯಿತು. ಬಾರ್ಟೀಸಿಯನ್ ನಾಳೆ ಮುಚ್ಚುತ್ತದೆ ಅಂತ ನಾನು ಹೇಳುತ್ತಿಲ್ಲ. 2014ರಲ್ಲಿ ಕಿಕ್‌ಸ್ಟಾರ್ಟರ್ ಅನ್ನುವ ವೆಬ್‌ಸೈಟ್‌ನಲ್ಲಿ ಜನರಿಂದ ದುಡ್ಡು ಎತ್ತಿ ಶುರುವಾದ ಕಂಪನಿ ಇಲ್ಲಿಯವರೆಗೆ ಬೆಳೆದು ಬಂದಿರುವುದು ದೊಡ್ಡ ವಿಷಯ. ಬ್ಲ್ಯಾಕ್ ಅಂಡ್ ಡೆಕ್ಕರ್ ಜೊತೆ ಸೇರಿ ಇದೇ ಕ್ಯಾಪ್ಸೂಲ್ ಬಳಸುವ ಇನ್ನೊಂದು ಮೆಷಿನ್ ಕೂಡ ತಂದರು. ಆದರೂ ನಿಮ್ಮ 350 ಡಾಲರ್‌ನ ಬೆಲೆ ನಿಂತಿರುವುದು ಯಾರೋ ಬೇರೆಯವರು ಪ್ಲಾಸ್ಟಿಕ್ ಕ್ಯಾಪ್ಸೂಲ್ ಮಾಡುತ್ತಲೇ ಇರುತ್ತಾರೆ ಅನ್ನುವ ನಂಬಿಕೆಯ ಮೇಲೆ. ಗ್ಲಾಸಿಗೊಂದು ಪ್ಲಾಸ್ಟಿಕ್ ಕಸ ಬೀಳುವುದೂ ನನಗೆ ಸರಿ ಕಾಣುವುದಿಲ್ಲ.

ಕ್ಯಾಪ್ಸೂಲ್ ಇಲ್ಲದ ಮೆಷಿನ್‌ಗಳೂ ಇವೆ, ಬಾರ್‌ಸಿಸ್ 360 ಥರದವು. ಡಬ್ಬಿಗಳಿಗೆ ನೀವೇ ಮದ್ಯ, ರಸ, ಸಿರಪ್ ತುಂಬಬೇಕು, ಫೋನಿನ ಆ್ಯಪ್‌ನಲ್ಲಿ ಪಾನೀಯ ಆರಿಸಿದರೆ ಅಳೆದು ಸುರಿಯುತ್ತದೆ. ಬೆಲೆ ಬಾರ್ಟೀಸಿಯನ್‌ಗಿಂತ ಜಾಸ್ತಿ. ನಿಂಬೆ ಹಿಂಡುವುದು, ಸಿರಪ್ ಮಾಡುವುದು, ಐಸ್ ಹಾಕುವುದು, ಕುಲುಕುವುದು ಎಲ್ಲ ನಿಮ್ಮದೇ. ರಸ ಸಿರಪ್ ಓಡಾಡಿದ ಕೊಳವೆಗಳನ್ನು ಅದೇ ರಾತ್ರಿ ತೊಳೆಯದಿದ್ದರೆ ಅಂಟು, ಬೂಸ್ಟು, ನೊಣ. ಪಾರ್ಟಿ ಮುಗಿದು ರಾತ್ರಿ ಹನ್ನೆರಡಕ್ಕೆ ಕೊಳವೆ ತೊಳೆಯುವ ಉತ್ಸಾಹ ಯಾರಿಗಿರುತ್ತದೆ? ನಿಮಗೆ ಇದು ಬೇಡ.

ಬೆಂಗಳೂರಿಗೆ ಒಯ್ಯುವ ಯೋಚನೆಯನ್ನಂತೂ ಬಿಟ್ಟುಬಿಡಿ. ಅಮೆರಿಕದ ಮೆಷಿನ್ 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಬರೀ ಪಿನ್ ಬದಲಿಸುವ ಅಡಾಪ್ಟರ್ ಹಾಕಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬೇಕು, ಅದು ಭಾರದ್ದು, ಜಾಗವನ್ನೂ ತಿನ್ನುತ್ತದೆ. ಇಟ್ಟುಕೊಂಡರೂ ಕ್ಯಾಪ್ಸೂಲ್ ಎಲ್ಲಿಂದ ತರುತ್ತೀರಿ? ಬಂದು ಹೋಗುವವರ ಸೂಟ್‌ಕೇಸ್ ಕಾಯಬೇಕು. ಮೇಲಾಗಿ ಅಲ್ಲಿ ಈಗ ಕಾಕ್‌ಟೇಲ್ ಮಾಡುವವರಿಗೆ ಒಳ್ಳೆಯ ಕಾಲ. 1948ರಿಂದ ಬೆಂಗಳೂರಿನಲ್ಲಿರುವ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಈಗ ಅವರದೇ ನೀಲಗಿರೀಸ್ ಅನ್ನುವ ಜಿನ್ ಕೂಡ ಇದೆ. ಗ್ರೇಟರ್ ದ್ಯಾನ್, ಸ್ಟ್ರೇಂಜರ್ ಅಂಡ್ ಸನ್ಸ್ ಥರದ ದೇಶಿ ಜಿನ್‌ಗಳೂ ಬಂದಿವೆ. ಮಾರ್ಕೆಟ್‌ನಲ್ಲಿ ಹೇರಳೆಕಾಯಿ ಸಿಗುತ್ತದೆ, ಅದರ ಸಿಪ್ಪೆಯನ್ನು ಜಿನ್ ಮೇಲೆ ಹಿಂಡಿದರೆ ಬರುವ ಘಮ ಯಾವ ಕ್ಯಾಪ್ಸೂಲ್‌ನಲ್ಲೂ ಇಲ್ಲ. ಶೇಕರ್, ಪೆಗ್ ಮೆಷರ್ ಎರಡೂ ಸೂಟ್‌ಕೇಸ್ ಮೂಲೆಯಲ್ಲಿ ಕೂರುತ್ತವೆ. ಅವಕ್ಕೆ ವೋಲ್ಟೇಜ್ ಇಲ್ಲ.

ಹಾಗಾದರೆ ಮಾಡುವುದೇನು? ನಿಮ್ಮ ನಿಜವಾದ ತೊಂದರೆ ನನಗೆ ಅರ್ಥವಾಗುತ್ತದೆ. ಗೆಳೆಯರು ಹಾಲ್‌ನಲ್ಲಿ ಮಾತಾಡುತ್ತಿರುತ್ತಾರೆ, ನೀವು ಅಡುಗೆಮನೆಯಲ್ಲಿ ಒಬ್ಬೊಬ್ಬರಿಗೆ ಗ್ಲಾಸ್ ಮಾಡುತ್ತಾ ನಿಂತಿರುತ್ತೀರಿ. ಮೆಷಿನ್ ಕೂಡ ಒಂದು ಸಲಕ್ಕೆ ಒಂದೇ ಗ್ಲಾಸ್ ಮಾಡುತ್ತದೆ, ಕ್ಯಾಪ್ಸೂಲ್ ಬದಲಿಸಿ ಐಸ್ ಹಾಕಿ ಗ್ಲಾಸ್ ಇಟ್ಟು ತೆಗೆಯಲು ಯಾರಾದರೂ ಅಲ್ಲೇ ನಿಂತಿರಬೇಕು. ದೊಡ್ಡ ಬಾರ್‌ಗಳು ಗುಂಪು ಬರುವ ರಾತ್ರಿ ಮಾಡುವುದನ್ನೇ ನೀವೂ ಮಾಡಿ: ಮೊದಲೇ ಕಲಸಿ ಬಾಟಲಿ ತುಂಬಿಡಿ. ನಾವು ಇದಕ್ಕೆ ಬ್ಯಾಚ್ ಹಾಕುವುದು ಅನ್ನುತ್ತೇವೆ.

ಓಲ್ಡ್ ಫ್ಯಾಷನ್ಡ್ ಬ್ಯಾಚ್, ಹತ್ತು ಗ್ಲಾಸಿಗೆ. ಒಂದು ಲೀಟರ್‌ನ ಸ್ವಚ್ಛ ಗಾಜಿನ ಬಾಟಲಿ ತೆಗೆದುಕೊಳ್ಳಿ. 600 ಮಿಲಿ ಬರ್ಬನ್ ಅಥವಾ ರೈ ವಿಸ್ಕಿ, 100 ಮಿಲಿ ಬೆಲ್ಲದ ಸಿರಪ್, ಎರಡು ಟೀ ಚಮಚ ಆಂಗಸ್ಟುರಾ ಬಿಟರ್ಸ್, 120 ಮಿಲಿ ಕುಡಿಯುವ ನೀರು. ಸಿರಪ್‌ಗೆ ಸಮ ತೂಕದ ಬೆಲ್ಲ ಮತ್ತು ನೀರು ಕುದಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣ್ಣಗಾದ ಮೇಲೆ ಹಾಕಿ. ಬೆಲ್ಲ ಯಾಕೆ ಅಂದರೆ ಅದರಲ್ಲಿರುವ ಕಾಕಂಬಿಯ ರುಚಿ ಓಕ್ ಪೀಪಾಯಿಯಲ್ಲಿ ಕೂತ ಬರ್ಬನ್‌ಗೆ ತುಂಬ ಒಪ್ಪುತ್ತದೆ, ಬಿಳಿ ಸಕ್ಕರೆ ಬರೀ ಸಿಹಿ ಕೊಡುತ್ತದೆ. ಆ 120 ಮಿಲಿ ನೀರನ್ನು ಮಾತ್ರ ಬಿಡಬೇಡಿ. ಐಸ್ ಜೊತೆ ತಿರುಗಿಸುವಾಗ ಕರಗಬೇಕಿದ್ದ ನೀರನ್ನೇ ನಾವು ಮೊದಲೇ ಹಾಕುತ್ತಿರುವುದು. ಉಳಿದದ್ದು ಗ್ಲಾಸಿನ ಐಸ್‌ನಿಂದ ಬರುತ್ತದೆ. ಬೆಳಿಗ್ಗೆ ಕಲಸಿ ಫ್ರಿಜ್‌ನಲ್ಲಿಡಿ, ಗೆಳೆಯರು ಬರುವ ಒಂದೆರಡು ಗಂಟೆ ಮೊದಲು ಫ್ರೀಜರ್‌ಗೆ ಬದಲಿಸಿ. ರಾತ್ರಿಯೆಲ್ಲ ಫ್ರೀಜರ್‌ನಲ್ಲಿ ಬಿಡಬೇಡಿ, ನೀರು ಬೆರೆತಿರುವುದರಿಂದ ಒಳಗೆ ಐಸ್ ಹರಳು ಕಟ್ಟುವ ಸಾಧ್ಯತೆ ಇದೆ. ಬಂದವರಿಗೆ ದೊಡ್ಡ ಐಸ್ ಒಂದು ಹಾಕಿದ ಗ್ಲಾಸಿಗೆ 80 ಮಿಲಿ ಸುರಿಯಿರಿ, ಕಿತ್ತಳೆ ಸಿಪ್ಪೆಯ ಒಂದು ಚೂರನ್ನು ಮೇಲೆ ತಿರುಚಿ ಬಿಡಿ. ಒಂದು ಗ್ಲಾಸಿಗೆ ಹತ್ತು ಸೆಕೆಂಡ್. ಅವರವರೇ ಸುರಿದುಕೊಂಡರೂ ಆಯಿತು. ಖರ್ಚು ಗ್ಲಾಸಿಗೆ ಮೂರು ಡಾಲರ್ ಒಳಗೆ.

ಮಾರ್ಗರಿಟಾಗೆ ಹೀಗೆ ಪೂರ್ತಿ ಬ್ಯಾಚ್ ಮಾಡಬೇಡಿ. ಟಕೀಲಾ ಮತ್ತು ಅಗಾವೆ ಮಾತ್ರ ಮೊದಲೇ ಸೇರಿಸಿ ಫ್ರಿಜ್‌ನಲ್ಲಿಡಿ. ನಿಂಬೆಯನ್ನು ಅವತ್ತೇ ಸಂಜೆ ಹಿಂಡಿ. ಬೇಕಾದಾಗ 75 ಮಿಲಿ ಮಿಶ್ರಣ, 30 ಮಿಲಿ ನಿಂಬೆರಸ, ಕುಲುಕಿ ಕೊಡಿ. ದೊಡ್ಡ ಬೋಸ್ಟನ್ ಶೇಕರ್‌ನಲ್ಲಿ (ಒಂದರೊಳಗೊಂದು ಕೂರುವ ಎರಡು ಟಿನ್‌ನದು) ಎರಡು ಗ್ಲಾಸಿಗೆ ಒಟ್ಟಿಗೇ ಆಗುತ್ತದೆ. ಹೆಂಡತಿಯೇ ಕುಲುಕಲಿ, ಅದು ಖುಷಿಯ ಕೆಲಸ.

ಕುಡಿಯದವರ ವಿಷಯಕ್ಕೆ ನೀವು ಪ್ರಶ್ನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ, ನನಗೆ ಅದು ಮುಖ್ಯ ಅನಿಸಿತು. ಅರ್ಧ ಜನ ಅಂದರೆ ಐದು ಜನ. ಅವರ ಕೈಗೆ ಕೋಕ್ ಕ್ಯಾನ್ ಕೊಟ್ಟು ಕೂರಿಸುವುದು ನನಗೆ ಯಾವತ್ತೂ ಇಷ್ಟವಾಗಿಲ್ಲ. ಮೆಷಿನ್‌ನ ಮಾಕ್‌ಟೇಲ್ ಅಂದರೆ ಕ್ಯಾಪ್ಸೂಲ್ ರಸಕ್ಕೆ ನೀರು, ಅದಕ್ಕೂ ಎರಡೂವರೆ ಡಾಲರ್. ಎಡಿಸನ್‌ನಲ್ಲಿ ಇಂಡಿಯನ್ ಅಂಗಡಿಗಳಿಗೇನು ಕಡಿಮೆ? ಒಣಗಿದ ಪುನರ್ಪುಳಿ ತನ್ನಿ, ಕೋಕಂ ಅಂತ ಇಟ್ಟಿರುತ್ತಾರೆ. ಉಪ್ಪು ಹಾಕಿದ ಒದ್ದೆ ಕೋಕಂ ಬೇಡ, ಉಪ್ಪಿಲ್ಲದ ಒಣ ಸಿಪ್ಪೆ ಬೇಕು. ಒಂದು ಹಿಡಿ ಸಿಪ್ಪೆಯನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ, ಹಿಂಡಿ ಸೋಸಿ, ಕಾಲು ಕೆಜಿ ಸಕ್ಕರೆ ಹಾಕಿ ಒಂದು ಕುದಿ ಬರಿಸಿ. ಒಂದು ಚಿಟಿಕೆ ಹುರಿದ ಜೀರಿಗೆ ಪುಡಿ ಹಾಕಿದರೆ ಇನ್ನೂ ಚೆನ್ನ. ಉದ್ದ ಗ್ಲಾಸಿನಲ್ಲಿ ಐಸ್, 40 ಮಿಲಿ ಈ ಸಿರಪ್, ಮೇಲೆ ತಣ್ಣನೆ ಸೋಡಾ. ಗಾಢ ಕೆಂಪು ಬಣ್ಣ, ಕಣ್ಣಿಗೂ ಹಬ್ಬ. ಕುಡಿಯುವವರಿಗೆ ಇದಕ್ಕೇ 45 ಮಿಲಿ ಜಿನ್ ಸೇರಿಸಿ, ಕುಲುಕುವುದೇ ಬೇಡ. ಒಂದೇ ಜಗ್‌ನಿಂದ ಎರಡೂ ಗುಂಪಿಗೆ ಆಗುತ್ತದೆ, ಎಲ್ಲರ ಕೈಯಲ್ಲೂ ಒಂದೇ ಥರದ ಗ್ಲಾಸ್ ಇರುತ್ತದೆ. ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿಯ ಪಾನಕವೂ ಹೀಗೆಯೇ, ಅದಕ್ಕೆ ಜೊತೆ ರಮ್.

ಐಸ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಮನೆಗಳಲ್ಲಿ ಕಾಕ್‌ಟೇಲ್ ಕೆಡುವುದು ಇಲ್ಲೇ ಜಾಸ್ತಿ. ಫ್ರೀಜರ್‌ನಲ್ಲಿ ತುರಿದ ತೆಂಗಿನಕಾಯಿ, ಹಿತಕಿದ ಅವರೆಕಾಳು, ಕರಿಬೇವು, ಕಳೆದ ವಾರದ ಸಾರು ಎಲ್ಲ ಇರುತ್ತದೆ. ತೆರೆದ ಟ್ರೇನಲ್ಲಿರುವ ಐಸ್ ಆ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನೀವು 50 ಡಾಲರ್ ವಿಸ್ಕಿ ಸುರಿದರೂ ಹಿಂದೆ ಎಲ್ಲೋ ಹಿಂಗು ಮೂಗಿಗೆ ತಾಗುತ್ತದೆ. ಮುಚ್ಚಳ ಇರುವ ಸಿಲಿಕೋನ್ ಅಚ್ಚು ಕೊಳ್ಳಿ, ಐಸ್ ಗಟ್ಟಿಯಾದ ಕೂಡಲೇ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ. ಕುಲುಕಲು ಫ್ರಿಜ್ ಬಾಗಿಲಿನಿಂದ ಬರುವ ಐಸ್ ಸಾಕು, ಗ್ಲಾಸಿಗೆ ಮಾತ್ರ ದೊಡ್ಡದು ಬೇಕು, ಅದು ನಿಧಾನ ಕರಗುತ್ತದೆ. ಅಚ್ಚು, ಎರಡು ಟಿನ್‌ನ ಬೋಸ್ಟನ್ ಶೇಕರ್, ಪೆಗ್ ಮೆಷರ್, ಜರಡಿ, ನಿಂಬೆ ಹಿಂಡುವ ಲೋಹದ ಇಕ್ಕಳ, ಒಂದು ಬಾಟಲಿ ಬಿಟರ್ಸ್, ಎಲ್ಲ ಸೇರಿ 60, 70 ಡಾಲರ್ ಒಳಗೆ ಮುಗಿಯುತ್ತದೆ.

ಬ್ಯಾಚ್ ಹಾಕಿದ ಬಾಟಲಿ ಮೇಜಿನ ಮೇಲಿದ್ದರೆ ಜನ ಎಷ್ಟು ಕುಡಿದರು ಅನ್ನುವ ಲೆಕ್ಕ ತಪ್ಪುವುದು ಸುಲಭ. ಮೆಷಿನ್‌ನ ಸ್ಟ್ರಾಂಗ್ ಬಟನ್‌ಗೂ ಇದೇ ಮಾತು. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 44 ಮಿಲಿ ವಿಸ್ಕಿ, ನಮ್ಮ ಲಾರ್ಜ್ 60, ಅಂದರೆ ಎರಡು ಓಲ್ಡ್ ಫ್ಯಾಷನ್ಡ್‌ಗೆ ಸುಮಾರು ಮೂರು ಡ್ರಿಂಕ್ ಒಳಗೆ ಹೋಗಿರುತ್ತದೆ. ನೀವಿರುವ ರಾಜ್ಯದಲ್ಲಿ ಇದು ಬರೀ ಒಳ್ಳೆಯತನದ ಮಾತಲ್ಲ. 1984ರಲ್ಲಿ ನ್ಯೂ ಜೆರ್ಸಿಯ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಅಮಲೇರಿರುವುದು ಕಾಣುತ್ತಿದ್ದರೂ ಅತಿಥಿಗೆ ಮತ್ತೆ ಕುಡಿಯಲು ಕೊಟ್ಟು, ಅವರು ಕಾರು ಓಡಿಸಿಕೊಂಡು ಹೋಗಿ ಯಾರಿಗಾದರೂ ಗಾಯ ಮಾಡಿದರೆ, ಮನೆಯ ಯಜಮಾನನೂ ಪರಿಹಾರಕ್ಕೆ ಹೊಣೆಯಾಗಬಹುದು. ಹಾಗಾಗಿ ಸುರಿಯುವುದು ನಿಮ್ಮ ಕೈಯಲ್ಲೇ ಇರಲಿ, ಮನೆಗೆ ಕಾರು ಓಡಿಸುವವರು ಯಾರು ಅಂತ ಊಟಕ್ಕೆ ಮೊದಲೇ ಕೇಳಿಬಿಡಿ.

ಯಾರಿಗೆ ಈ ಮೆಷಿನ್ ನಿಜವಾಗಿ ಒಳ್ಳೆಯದು ಅಂತಲೂ ಹೇಳಿಬಿಡುತ್ತೇನೆ. ಕೈಬೆರಳಿನ ಕೀಲುನೋವಿನಿಂದ ನಿಂಬೆ ಹಿಂಡಲು, ಶೇಕರ್ ಕುಲುಕಲು ಆಗದವರಿಗೆ. ದಂಪತಿಯಲ್ಲಿ ಒಬ್ಬರಿಗೆ ದಿನಕ್ಕೊಂದು ಬಗೆ ಬೇಕು, ಮಾಡುವ ಆಸಕ್ತಿ ಇಬ್ಬರಿಗೂ ಇಲ್ಲ, ಕಪಾಟಿನಲ್ಲಿ ಬಾಟಲಿ ಸಾಲು ನಿಲ್ಲಿಸಲು ಜಾಗವೂ ಇಲ್ಲ ಅನ್ನುವವರಿಗೆ. ಅಂಥವರಿಗೆ ನಾನೇ ಕೊಳ್ಳಿ ಅನ್ನುತ್ತೇನೆ. ಅವರೂ ಟ್ಯಾಂಕಿಗೆ ಫ್ರಿಜ್‌ನ ತಣ್ಣೀರನ್ನೇ ತುಂಬಲಿ, ಗ್ಲಾಸನ್ನು ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು ತೆಗೆಯಲಿ, ಹುಳಿ ಪಾನೀಯಕ್ಕೆ ಕೊನೆಯಲ್ಲಿ ತಾಜಾ ನಿಂಬೆಯ ಒಂದು ಹೋಳು ಹಿಂಡಲಿ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ನಿಮಗೆ ಮನಸ್ಸು ಇನ್ನೂ ಅಲ್ಲೇ ಇದ್ದರೆ ಹೀಗೆ ಮಾಡಿ. ಮುಂದಿನ ಎರಡು ಕೂಟಗಳನ್ನು ಬ್ಯಾಚ್ ಹಾಕಿ ನಡೆಸಿ. ಆಮೇಲೂ ಬೇಕು ಅನಿಸಿದರೆ ಥ್ಯಾಂಕ್ಸ್‌ಗಿವಿಂಗ್ ಸೇಲ್ ಬರುವವರೆಗೆ ಕಾಯಿರಿ, ಈ ಥರದ ಸಾಮಾನಿಗೆ ರಿಯಾಯಿತಿ ಸಿಗುವುದು ಆಗ. ಅಥವಾ ಸೆಕೆಂಡ್ ಹ್ಯಾಂಡ್ ನೋಡಿ, ಉಡುಗೊರೆಯಾಗಿ ಬಂದು ನಾಲ್ಕು ಸಲ ಬಳಸಿ ಮಾರುವವರು ಇರುತ್ತಾರೆ. ಸೆಕೆಂಡ್ ಹ್ಯಾಂಡ್ ತರುವುದಾದರೆ ಅಲ್ಲೇ ನೀರು ತುಂಬಿ ಒಂದು ಕ್ಯಾಪ್ಸೂಲ್ ಹಾಕಿ ಓಡಿಸಿ ನೋಡಿ, ಪಂಪ್ ಸದ್ದು ಕೇಳಿ, ಕೊಳವೆಯ ಬಾಯಿ ಮೂಸಿ ನೋಡಿ. ಜೊತೆಗೆ ಕೊಡುವ ಕ್ಯಾಪ್ಸೂಲ್‌ಗಳ ಮೇಲಿನ ದಿನಾಂಕ ನೋಡದೆ ಅವಕ್ಕೆ ದುಡ್ಡು ಕೊಡಬೇಡಿ.